ಬಂದರಿನ ಅಧ್ಯಾಯದ ಬಗ್ಗೆ

ಪ್ರೀತಿಯ ತಂಗೀ,

ನಿಮ್ಮ ಹಸ್ತಪ್ರತಿ ಓದಿದೆ. ಕಾಗುಣಿತ, ಅಧ್ಯಾಯಗಳ ಉದ್ದ, ಪ್ರಕಾಶಕರು... ಅದನ್ನೆಲ್ಲ ಬೇರೆ ಯಾರಾದರೂ ಹೇಳಿಕೊಡುತ್ತಾರೆ. ‘ಇನ್ನು ಬರೆಯುವುದೇ ಇಲ್ಲ’ ಎಂದು ಕೊನೆಗೆ ಬರೆದಿದ್ದೀರಲ್ಲ, ಆ ಮಾತು ಬೇಡ. ಮಂಗಳೂರು ಬಂದರಿನ ಓಣಿಗಳು ನಿಮಗೆ ಒಲಿದಿವೆ. ಡಬಲ್ ಚೋಲ್ ಅಡಿಕೆ ಗೋಣಿಯ ವಾಸನೆ ನನ್ನ ಮೂಗಿಗೇ ಬಂತು.

ನನ್ನ ತಕರಾರು ಒಂದೇ. ಅಡಿಕೆ ಧಾರಣೆ ಇಳಿದರೂ ಮೀನಿನ ಬೆಲೆ ಏರಿದರೂ ನಿಮ್ಮ ನಾಯಕ ‘ಎಲ್ಲ ಸೇರಿ ಕಾರ್ಟೆಲ್ ಮಾಡಿದ್ದಾರೆ’ ಎನ್ನುತ್ತಾನೆ. ಕೊನೆಗೆ ಕ್ಯಾಂಪ್ಕೋವನ್ನೂ ಆ ಸಾಲಿಗೆ ಸೇರಿಸಿಬಿಟ್ಟಿದ್ದಾನೆ! ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ, 1973ರಲ್ಲಿ ಬೆಳೆಗಾರರೇ ಕಟ್ಟಿಕೊಂಡ ಸಹಕಾರ ಸಂಸ್ಥೆ ಅದು. ಒಗ್ಗಟ್ಟಾದವರೆಲ್ಲ ಕಾರ್ಟೆಲ್ ಅಲ್ಲ. ಎರಡು ಅಂಗಡಿಯಲ್ಲಿ ಒಂದೇ ರೇಟು ಇದ್ದ ಮಾತ್ರಕ್ಕೂ ಅಲ್ಲ. ಪೈಪೋಟಿ ಮಾಡಬೇಕಾದವರು ಬೆಲೆ, ಸರಬರಾಜು, ಟೆಂಡರ್ ಬಗ್ಗೆ ಒಳಗೊಳಗೇ ಮಾತಾಡಿಕೊಂಡರೆ ಅದು ಕಾರ್ಟೆಲ್. 2002ರ ಸ್ಪರ್ಧಾ ಕಾಯ್ದೆ ಹಿಡಿಯುವುದೂ ಆ ಹೊಂದಾಣಿಕೆಯನ್ನೇ. ಕಾಗದ ಬೇಕೆಂದಿಲ್ಲ, ಬಾಯಿಮಾತಿನ ಒಪ್ಪಂದವೂ ಅದರೊಳಗೆ ಬರುತ್ತದೆ.

ನಿಮ್ಮ ಕಥೆ ಇರುವುದು ಅಲ್ಲೇ, ಅಲ್ವಾ? ಆ ಮಾತು ಯಾರ ಮನೆಯ ಚಾವಡಿಯಲ್ಲಿ ನಡೆಯಿತು? ಮೊದಲು ಅಂಕಿ ಹೇಳಿದವರು ಯಾರು? ಮನಸ್ಸಿಲ್ಲದಿದ್ದರೂ ಎದ್ದುಹೋಗಲಾರದೆ ಕೂತವರು ಯಾರು? ಇದನ್ನು ಬರೆಯದೆ ಸುಮ್ನೆ ಪದ ಎಸೆದರೆ ಓದುಗ ಯಾಕೆ ನಂಬಬೇಕು? ಇನ್ನೊಂದು ಸಂಗತಿ ತಿಳಿದಿರಲಿ. ಕಾರ್ಟೆಲ್ಲಿನ ಒಳಗಿದ್ದವನೇ ಮೊದಲು ಹೋಗಿ ಈ ಕಾಯ್ದೆಯನ್ನು ಜಾರಿ ಮಾಡುವ ದಿಲ್ಲಿಯ ಸ್ಪರ್ಧಾ ಆಯೋಗಕ್ಕೆ ಎಲ್ಲವನ್ನೂ ಬಾಯಿಬಿಟ್ಟರೆ, ಅವನ ದಂಡ ನೂರಕ್ಕೆ ನೂರು ಮನ್ನಾ ಆಗಬಹುದು. ತಡವಾಗಿ ಹೋದವನಿಗೆ ಅಷ್ಟು ರಿಯಾಯಿತಿ ಇಲ್ಲ. ಒಬ್ಬರ ಮಕ್ಕಳ ಮದುವೆಗೆ ಇನ್ನೊಬ್ಬರು ಓಡಾಡಿದ ಆ ನಿಮ್ಮ ನಾಲ್ವರು ಮಂಡಿ ಸಾಹುಕಾರರಲ್ಲಿ ಯಾರು ಮೊದಲು ದಿಲ್ಲಿಗೆ ಹೋಗುತ್ತಾರೆ? ಇಂಥ ಸನ್ನಿವೇಶ ಕೈಯಲ್ಲಿಟ್ಟುಕೊಂಡು ಬೈಗುಳ ಬರೆದಿದ್ದೀರಿ. ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ಸಿಟ್ಟಿಗೆ ಹಳೆಯ ಕಾರಣವೂ ಇದೆ. ಒಂದು ಲೇಖನದಲ್ಲಿ ಪುರಾವೆ ಇಟ್ಟುಕೊಂಡೇ ‘ಕಾರ್ಟೆಲ್’ ಎಂಬ ಪದ ಬಳಸಿದ್ದೆ. ಪತ್ರಿಕೆಯವರು ನನ್ನನ್ನು ಕೇಳದೆ ‘ವ್ಯಾಪಾರಿಗಳ ಸಹಮತ’ ಎಂದು ತಿದ್ದಿ ಅಚ್ಚು ಹಾಕಿದರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಎಲ್ಲದಕ್ಕೂ ಕಾರ್ಟೆಲ್ ಎನ್ನುತ್ತಾ ಹೋದರೆ, ನಿಜಕ್ಕೂ ಬೇಕಾದ ಕಡೆ ಅದನ್ನು ಅಳಿಸುವುದು ಅವರಿಗೆ ಇನ್ನೂ ಸಲೀಸು.

ಚಾವಡಿಯ ಆ ರಾತ್ರಿಯನ್ನು ಬರೆಯಿರಿ. ಅವಸರ ಬೇಡ, ಈ ಮಳೆಗಾಲ ಪೂರ್ತಿ ತೆಗೆದುಕೊಳ್ಳಿ. ಕ್ಯಾಂಪ್ಕೋ ಸಾಲನ್ನು ಮಾತ್ರ ಇವತ್ತೇ ಹೊಡೆದುಹಾಕಿ.