ಓಕ್ ಸಸಿ ತರುವ ಮುಂಚೆ, ಮಗಳಿಗೊಂದು ಪತ್ರ

ನಾಟಿಂಗ್‌ಹ್ಯಾಮ್, ಇಂಗ್ಲೆಂಡ್, ನವೆಂಬರ್ 9

ಪುಟ್ಟೀ,

"ಓಕ್ ಗಿಡ ತಗೊಂಡು ಬನ್ನಿ, ನಾನು ಗುಂಡಿ ತೋಡಿಸಿ ಗೊಬ್ಬರ ತುಂಬಿಸಿ ಇಟ್ಟಿರ್ತೀನಿ" ಅಂದೆಯಲ್ಲ, ಅವತ್ತೇ ಹೇಳಬೇಕಿತ್ತು. ಈಗಲೇ ಗುಂಡಿ ಬೇಡ. ಗೊಬ್ಬರವಂತೂ ಬೇಡವೇ ಬೇಡ. ಫೋನಿನಲ್ಲಿ ಹೇಳಿದರೆ ನೀನು ಪಾತ್ರೆ ತೊಳೆಯುತ್ತಾ "ಹೂಂ ಅಮ್ಮ, ಹೂಂ ಅಮ್ಮ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದೋದು ಮರೆತಿಲ್ಲ ತಾನೇ?

ಇದು ನಮ್ಮ ಮನೆಯ ಮೂರನೇ ಓಕ್. ಮೊದಲಿನ ಎರಡನ್ನೂ ಕೊಂದವಳು ನಾನೇ.

ನಿನಗೆ ಆರು ವರ್ಷವಿದ್ದಾಗ ಶೆರ್‌ವುಡ್ ಕಾಡಿಗೆ ಮೇಜರ್ ಓಕ್ ನೋಡಲು ಹೋಗಿದ್ದೆವು, ನೆನಪಿದೆಯಾ? ಹತ್ತು ಮೀಟರಿಗೂ ಜಾಸ್ತಿ ಸುತ್ತಳತೆಯ ಮರ, ಕೊಂಬೆಗಳಿಗೆಲ್ಲ ಊರುಗೋಲು. ಬೇಲಿ ಯಾಕೆ ಹಾಕಿದ್ದಾರೆ, ಮುಟ್ಟಬೇಕು ಅಂತ ನೀನು ಹಟ ಮಾಡಿದೆ. ನೋಡಲು ಬಂದವರು ತುಳಿದೂ ತುಳಿದೂ ಬೇರಿನ ಮೇಲಿನ ಮಣ್ಣು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತಂತೆ. ನೀರು, ಗಾಳಿ ಕೆಳಗೆ ಇಳಿಯದೆ ಮರ ಸೊರಗುತ್ತಿತ್ತು. ಅದಕ್ಕೇ 1970ರ ದಶಕದಲ್ಲಿ ಬೇಲಿ ಬಂತು. ಮುಟ್ಟೋಕೆ ಬಿಡದ ಸಿಟ್ಟಿಗೆ ನೀನು ದಾರಿಯಲ್ಲಿ ಬಿದ್ದಿದ್ದ ಓಕ್ ಬೀಜಗಳನ್ನೆಲ್ಲ ಆರಿಸಿ ರೇನ್‌ಕೋಟಿನ ಜೇಬು ತುಂಬಿಸಿಕೊಂಡೆ. ಟೋಪಿ ಹಾಕಿದ ಗೋಲಿ ಅಂತ ಅದಕ್ಕೆ ನೀನೇ ಹೆಸರಿಟ್ಟಿದ್ದು.

ನಾನೇನು ಮಾಡಿದೆ ಗೊತ್ತಾ? ಊರಲ್ಲಿ ಅಜ್ಜಿ ಅವರೆ ಬೀಜ ಒಣಗಿಸಿಡುತ್ತಿದ್ದರಲ್ಲ, ಹಾಗೇ ತೊಳೆದು, ಬಟ್ಟೆ ಹಾಸಿ, ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಎರಡು ವಾರ ಚೆನ್ನಾಗಿ ಒಣಗಿಸಿದೆ. ಮಾರ್ಚಿನಲ್ಲಿ ಬಿತ್ತಿದೆ. ಒಂದೂ ಹುಟ್ಟಲಿಲ್ಲ. ನೀನು ದಿನಾ ಬೆಳಿಗ್ಗೆ ಕುಂಡ ಬಗ್ಗಿ ನೋಡುತ್ತಿದ್ದೆ. ಕೊನೆಗೆ ಅಳಿಲು ತಿಂದಿತು ಅಂತ ಸುಳ್ಳು ಹೇಳಿದೆ. ಪಾಪದ ಅಳಿಲು.

ನನಗೆ ಅವರೆ ನೆನಪಾಗಬಾರದಿತ್ತು, ಹಲಸು ನೆನಪಾಗಬೇಕಿತ್ತು. ಹಲಸಿನ ಬೀಜ ಒಣಗಿತೋ, ಸತ್ತಿತು. ಹಣ್ಣು ತಿಂದು ತಿಪ್ಪೆಗೆ ಎಸೆದದ್ದು ಮಾತ್ರ ತಾನಾಗಿ ಹುಟ್ಟುತ್ತಿತ್ತು. ಓಕ್ ಬೀಜದ್ದೂ ಅದೇ ಜಾತಕ. ಒಳಗಿನ ತೇವ ಹೋದರೆ ಜೀವವೂ ಹೋಯಿತು. ಆದರೆ ಆಗ ನನಗೆ ಓಕ್ ಅಂದರೆ ಗೊತ್ತಿದ್ದದ್ದು ಮೂಡಿಗೆರೆ ತೋಟದ ಸಿಲ್ವರ್ ಓಕ್ ಒಂದೇ, ಮೆಣಸಿನ ಬಳ್ಳಿ ಹಬ್ಬಿಸುವ ಮರ. ಅದು ಆಸ್ಟ್ರೇಲಿಯಾದಿಂದ ಬಂದದ್ದು. ಹೆಸರು ಬಿಟ್ಟರೆ ಓಕ್‌ಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಎರಡನೆಯದು ಹುಟ್ಟಿತು, ಮೊಸರಿನ ಡಬ್ಬಿಯಲ್ಲಿ. ಮೇ ತಿಂಗಳಲ್ಲಿ, ಎಳೆ ಎಲೆ ತುಂಬಿಕೊಂಡಿದ್ದಾಗ, ಹಿತ್ತಲಲ್ಲಿ ನೆಡೋಣ ಅಂತ ಡಬ್ಬಿ ಮಗುಚಿದೆ. ಬೇರು ತಳದಲ್ಲಿ ಚಕ್ಕುಲಿ ಸುತ್ತಿದ ಹಾಗೆ ಸುತ್ತಿಕೊಂಡಿತ್ತು. ಬಿಡಿಸಲು ಬರಲಿಲ್ಲ. ಕತ್ತರಿ ತಂದು ಕತ್ತರಿಸಿದೆ! ನೆಟ್ಟ ಮೂರೇ ದಿನಕ್ಕೆ ಎಲೆ ಜೋತುಬಿತ್ತು. ಬಾಯಾರಿಕೆ ಇರಬೇಕು ಅಂತ ಹೊತ್ತು ಹೊತ್ತಿಗೂ ನೀರು ಸುರಿದೆ. ಆಮೇಲೆ ಕಿತ್ತು ನೋಡಿದರೆ ಬೇರು ಕಪ್ಪಗೆ ಮೆತ್ತಗಾಗಿ, ಕೊಳೆತ ಗೆಣಸಿನ ವಾಸನೆ.

ಈಗ ಬರುತ್ತಿರುವ ಗಿಡದ ಬೀಜ ನೀನೇ ತಂದದ್ದು, ಹೋದ ವರ್ಷದ ಹಿಂದಿನ ದೀಪಾವಳಿಗೆ ಬಂದಾಗ, ಕಾಲುವೆ ದಾರಿಯಿಂದ. ಅವತ್ತೇ ಬಕೆಟ್ ನೀರಿಗೆ ಹಾಕಿದೆ. ತೇಲಿದ್ದನ್ನು ಎಸೆದೆ, ಮುಳುಗಿದ್ದನ್ನು ಬಿತ್ತಿದೆ. ನಿಮ್ಮಪ್ಪ ಶೆಡ್ಡಿನಲ್ಲಿದ್ದ ಹಳೇ ಡ್ರೈನ್ ಪೈಪನ್ನು ಒಂದು ಮೊಳ ಉದ್ದಕ್ಕೆ ಕೊಯ್ದು, ಕೆಳಗೆ ತಂತಿ ಜಾಲರಿ ಕಟ್ಟಿ, ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿಕೊಟ್ಟರು. ಬೇರು ನೇರ ಇಳಿಯುತ್ತೆ. ತುದಿ ಜಾಲರಿ ದಾಟಿ ಗಾಳಿಗೆ ಸಿಕ್ಕ ಕೂಡಲೇ ಒಣಗಿ ನಿಲ್ಲುತ್ತೆ, ಆಮೇಲೆ ಪಕ್ಕದ ಬೇರುಗಳು ಒಡೆಯುತ್ತವೆ. ಸುತ್ತಿಕೊಳ್ಳುವ ಮಾತೇ ಇಲ್ಲ.

ನವೆಂಬರಿನಲ್ಲೇ ಬೀಜ ಸೀಳಿ ಬಿಳಿ ಬೇರು ಇಳಿದಿತ್ತು. ಮೇಲೆ ಏಪ್ರಿಲ್ ಕೊನೆಯವರೆಗೂ ಏನೂ ಇಲ್ಲ. ಮೊದಲ ಬೇಸಿಗೆ ಮೇಲೆ ನಾಲ್ಕೈದು ಎಲೆ, ಕೆಳಗೆ ಮೊಳದುದ್ದ ಬೇರು. ಈ ಗಿಡ ಮೊದಲು ನೆಲದ ಕೆಳಗೆ ಸಂಸಾರ ಹೂಡುತ್ತೆ ಕಣೇ, ಮೇಲಿನದೆಲ್ಲ ಆಮೇಲೆ. ಈಗ ನನ್ನ ಮೊಣಕಾಲೆತ್ತರ ಇದೆ. ಇನ್ನೂ ಬಿಟ್ಟರೆ ಪೈಪು ಸಾಲಲ್ಲ. ಅದಕ್ಕೇ ಈ ಚಳಿಗಾಲ ಬಿಟ್ಟರೆ ಆಗಲ್ಲ ಅಂತ ನಿನ್ನ ಬೆನ್ನು ಹತ್ತಿದ್ದು. ನವೆಂಬರಿನಿಂದ ಮಾರ್ಚ್ ಶುರುವಿನವರೆಗೆ ಗಿಡ ಮಲಗಿರುತ್ತೆ. ಮಲಗಿದ ಮಗುವನ್ನು ಎತ್ತಿ ಬೇರೆ ಹಾಸಿಗೆಗೆ ಹಾಕಿದ ಹಾಗೆ, ಎಚ್ಚರವಾಗೋದರೊಳಗೆ ನೆಟ್ಟುಬಿಡಬೇಕು.

ಗುಂಡಿ ನಾವು ಬಂದ ಮೇಲೆ ತೋಡೋಣ. ಪೈಪಿನಷ್ಟೇ ಆಳ, ಅಗಲ ಮಾತ್ರ ಜಾಸ್ತಿ. ನಿನ್ನದು ಜೇಡಿಮಣ್ಣು, ಸನಿಕೆ ತಾಗಿದ ಕಡೆ ಗೋಡೆ ನುಣ್ಣಗೆ ಮೆತ್ತಿಕೊಳ್ಳುತ್ತೆ. ಅದನ್ನು ಮುಳ್ಳುಗುದ್ದಲಿಯಲ್ಲಿ ಕೆದರಬೇಕು. ಗೊಬ್ಬರ ತುಂಬಿಸಿದರೆ ಬೇರು ಆ ಮೆತ್ತನೆಯ ಜಾಗ ಬಿಟ್ಟು ಆಚೆ ಹೋಗಲ್ಲ, ಮಳೆಗಾಲದಲ್ಲಿ ಗುಂಡಿ ಬಾವಿಯಾಗುತ್ತೆ. ತೋಡಿದ ಮಣ್ಣನ್ನೇ ಮತ್ತೆ ತುಂಬಿಸಿ ಹಿಮ್ಮಡಿಯಿಂದ ಮೆಲ್ಲಗೆ ಒತ್ತಿದರೆ ಸಾಕು. ಕಾಂಡ ಮುಗಿದು ಬೇರು ಶುರುವಾಗುವ ಕುತ್ತಿಗೆ ನೆಲದ ಮಟ್ಟಕ್ಕೇ ಇರಲಿ, ಹೂಳಬೇಡ.

ಜಾಗ ಮಾತ್ರ ನೀನು ಇವತ್ತೇ ನೋಡಿಡು. ಅಡುಗೆಮನೆ ಕಿಟಕಿಯಿಂದ ಕಾಣಬೇಕು ಅನ್ನುವ ಆಸೆ ಬಿಡು. ಜೇಡಿಮಣ್ಣಿನಲ್ಲಿ ಓಕ್ ಬೇಸಿಗೆಯಲ್ಲಿ ನೀರು ಹೀರಿ ಹೀರಿ ನೆಲ ಕುಗ್ಗಿಸುತ್ತೆ, ಗೋಡೆ ಬಿರುಕು ಬಿಡುತ್ತೆ. ಮನೆಯಿಂದ 30 ಮೀಟರಾದರೂ ದೂರ ಇರಲಿ. ಆ ಹಳೇ ಗೇಟಿನ ಆಚೆ ಹೇಗಿದೆ ನೋಡು.

ಆಮೇಲಿನದು ಜಾಸ್ತಿ ಏನಿಲ್ಲ. ಸುತ್ತ ಒಂದು ಮೀಟರ್ ಹುಲ್ಲು ಬೆಳೆಯದ ಹಾಗೆ ಮರದ ಚಕ್ಕೆ ಹಾಸು, ಕಾಂಡಕ್ಕೆ ತಾಗದ ಹಾಗೆ. ಮೊದಲ ಎರಡು ಬೇಸಿಗೆ, ಮಳೆ ಕೈಕೊಟ್ಟರೆ ಮಾತ್ರ, ವಾರಕ್ಕೊಂದು ಬಕೆಟ್. ಮೊಲ, ಜಿಂಕೆ ಕಡಿಯದಂತೆ ಕೊಳವೆ ನಾವೇ ತರುತ್ತೇವೆ. ಬೇಸಿಗೆಯಲ್ಲಿ ಎಲೆ ಮೇಲೆ ಹಿಟ್ಟು ಉದುರಿಸಿದ ಹಾಗೆ ಕಂಡರೆ ಗಾಬರಿ ಬೇಡ. ದ್ರಾಕ್ಷಿಗೆ ಬರುತ್ತಲ್ಲ, ಅಂಥದ್ದೇ ಬೂದಿ ರೋಗ. ಜುಲೈ-ಆಗಸ್ಟಿನಲ್ಲಿ ಮತ್ತೆ ಕೆಂಪು ಚಿಗುರು ಬರುತ್ತೆ. ಚಳಿಗಾಲದಲ್ಲಿ ಒಣ ಎಲೆ ಉದುರದೆ ಹಾಗೇ ಅಂಟಿಕೊಂಡಿದ್ದರೆ ಸತ್ತಿದೆ ಅಂತ ಕಿತ್ತುಬಿಡಬೇಡ! ಎಳೇ ಓಕ್‌ಗಳ ಅಭ್ಯಾಸ ಅದು. ಉಗುರಿನಲ್ಲಿ ತೊಗಟೆ ಸ್ವಲ್ಪ ಕೆರೆದು ನೋಡು, ಒಳಗೆ ಹಸಿರಿದ್ದರೆ ಜೀವ ಇದೆ.

ಒಂದು ವಿಷಯ ನಿನಗೆ ನಗು ಬರಬಹುದು. ನೀನು ಮೂರು ತಿಂಗಳ ಕೂಸಿದ್ದಾಗ ಅಜ್ಜಿ ಕಲ್ಲಿನ ಮೇಲೆ ಬಜೆ, ಮಾಚಿಕಾಯಿ ತೇಯ್ದು ನಿನ್ನ ನಾಲಿಗೆಗೆ ಸವರುತ್ತಿದ್ದರು. ನೀನು ಮುಖ ಕಿವುಚಿ ಊರೆಲ್ಲ ಕೇಳುವ ಹಾಗೆ ಅಳುತ್ತಿದ್ದೆ. ಆ ಮಾಚಿಕಾಯಿ ಕಾಯಿಯೇ ಅಲ್ಲ. ಪಶ್ಚಿಮ ಏಷ್ಯಾದ ಒಂದು ಜಾತಿಯ ಓಕ್‌ನ ಎಳೇ ಕುಡಿಯಲ್ಲಿ ಸಣ್ಣ ಕಣಜ ಮೊಟ್ಟೆ ಇಡುತ್ತೆ, ಮರ ಅದರ ಸುತ್ತ ಗಂಟು ಕಟ್ಟುತ್ತೆ. ಅದೇ ಗಂಟು ನಮ್ಮ ಗ್ರಂಧಿಗೆ ಅಂಗಡಿಗೆ ಬರುತ್ತೆ. ಹೋದ ವಾರ ಪಾರ್ಕಿನ ಓಕ್‌ನಲ್ಲಿ ಅಂಥದ್ದೇ ದುಂಡು ಗಂಟು ನೋಡಿ ಗೊತ್ತಾಯಿತು. ಓಕ್ ಇಲ್ಲಿಗೆ ಬಂದ ಮೇಲೆ ಕಂಡ ಮರ ಅಂದುಕೊಂಡಿದ್ದೆ, ನೋಡಿದರೆ ಅಜ್ಜಿಯ ಡಬ್ಬಿಯಲ್ಲೇ ಇತ್ತು.

ಬೀಜ ಬಿಡಲು ನಮ್ಮ ಗಿಡಕ್ಕೆ ಸುಮಾರು 40 ವರ್ಷ ಬೇಕು. ನಿನಗಾಗ 70 ದಾಟಿರುತ್ತೆ. ರೇಡಿಯೇಟರ್ ಮೇಲೆ ಇಡಬೇಡ.

ಭಾನುವಾರ ಹತ್ತಕ್ಕೆಲ್ಲ ಬರುತ್ತೇವೆ. ನೆಲ ಹೆಪ್ಪುಗಟ್ಟಿದ್ದರೆ ಶನಿವಾರ ರಾತ್ರಿಯೇ ಫೋನ್ ಮಾಡು, ಮುಂದಿನ ವಾರಕ್ಕೆ ಹಾಕೋಣ. ಸನಿಕೆ, ಒಂದು ಬಕೆಟ್ ಇಟ್ಟಿರು. ಪೈಪನ್ನು ಉದ್ದಕ್ಕೆ ಸೀಳಲು ನಿಮ್ಮಪ್ಪ ಆಗಲೇ ಗರಗಸ ಹುಡುಕುತ್ತಿದ್ದಾರೆ. ಅವರು ಕಾರಿನಲ್ಲಿ ಗುಟ್ಟಾಗಿ ಒಂದು ಚೀಲ ಕಾಂಪೋಸ್ಟ್ ಕೂಡ ಇಟ್ಟಿದ್ದಾರೆ, ನಾನು ನೋಡಿಲ್ಲ ಅಂದುಕೊಂಡಿದ್ದಾರೆ. ಅದನ್ನು ನಿನ್ನ ಗುಲಾಬಿಗೆ ಹಾಕಿಕೋ.

ನಿನ್ನ
ಅಮ್ಮ