ರಿಪೋರ್ಟಿನ ಕೆಳಗಿನ ಸಹಿಗೆ ಒಂದು ಥ್ಯಾಂಕ್ಸ್

ಮೊನ್ನೆ ಡಾಕ್ಟರು ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ, ಕುತ್ತಿಗೆ ಒತ್ತಿ ನೋಡಿ, "ಐದು ವರ್ಷ ಆಯ್ತಲ್ಲ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು" ಅಂದರು. ನಾಲಿಗೆಯ ಕ್ಯಾನ್ಸರ್ ಆಗಿದ್ದವನಿಗೆ ಇದಕ್ಕಿಂತ ಇನ್ನೇನು ಬೇಕು? ಆಪರೇಷನ್ ಮಾಡಿದವರಿಗೆ, ನರ್ಸ್‌ಗಳಿಗೆ, 30 ಸಲವೂ ರೇಡಿಯೇಷನ್‌ಗೆ ಜೊತೆಗೆ ಬಂದ ಅಕ್ಕನಿಗೆ ಆಗಲೇ ಕೈಮುಗಿದಾಗಿದೆ. ಈ ಬರಹ ಇನ್ನೊಬ್ಬರಿಗೆ. ಅವರನ್ನು ನಾನು ನೋಡಿಲ್ಲ, ಅವರೂ ನನ್ನ ಮುಖ ನೋಡಿಲ್ಲ. ನೋಡಿದ್ದು ನನ್ನ ನಾಲಿಗೆಯ ಚೂರನ್ನು. ಅವರು ಪೆಥಾಲಜಿಸ್ಟ್, ಅಂದರೆ ದೇಹದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಗುರುತಿಸುವ ಡಾಕ್ಟರು.

ನಾಲಿಗೆಯ ಎಡ ಅಂಚಿನಲ್ಲಿ ಒಂದು ಹುಣ್ಣಾಗಿತ್ತು. ನೋವು ಅಷ್ಟೇನೂ ಇರಲಿಲ್ಲ. ಆರು ವಾರ ಸುಮ್ನೆ ಮುಲಾಮು ಹಚ್ಚಿಕೊಂಡು ಕೂತೆ. "ಎರಡು ವಾರದಲ್ಲಿ ಮಾಯದ ಹುಣ್ಣು ಅಂದ್ರೆ ಪರೀಕ್ಷೆ ಮಾಡಿಸಲೇಬೇಕು" ಅಂತ ಹಲ್ಲಿನ ಡಾಕ್ಟರು ಗದರಿದರು. ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ಚೂರು ತೆಗೆಯೋಕೆ, ಕತ್ತಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತೆ ಅಂತ ಯಾರೋ ಹೆದರಿಸಿದ್ದರು. ಆ ಮಾತು ನಂಬಿ ಇನ್ನೂ ಒಂದು ವಾರ ಕಳೆದೆ. ದಡ್ಡತನ, ಬಿಡಿ.

ಚೂರನ್ನು ಹುಣ್ಣಿನ ನಡುವಿನಿಂದ ತೆಗೆಯಲಿಲ್ಲ, ಅಂಚಿನಿಂದ ತೆಗೆದರು. ನಡುವೆ ಸತ್ತ ಮಾಂಸವೇ ಜಾಸ್ತಿ ಇರುತ್ತದಂತೆ. ಅದು ಕೊಳೆಯದಂತೆ ಕಾಪಾಡುವ ಫಾರ್ಮಾಲಿನ್‌ನಲ್ಲಿ ನೆನೆದು, ಮೇಣದಲ್ಲಿ ಹೂತು, 4-5 ಮೈಕ್ರಾನ್‌ನಷ್ಟು ತೆಳ್ಳಗೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕತ್ತರಿಸಿಕೊಂಡು ಗಾಜಿನ ಮೇಲೆ ಕೂರುತ್ತದೆ. ಸೆಕೆಂಡ್ ಒಪೀನಿಯನ್‌ಗೆ ಅಂತ ಸ್ಲೈಡ್ ಇಸ್ಕೊಂಡಾಗ ಕಿಟಕಿಯ ಬೆಳಕಿಗೆ ಹಿಡಿದೆ. ಗುಲಾಬಿ ಬಣ್ಣದ ಒಂದು ಕಲೆ, ಅಲ್ಲಲ್ಲಿ ನೇರಳೆ. ಅಷ್ಟೇ ಕಂಡಿದ್ದು. ಆ ಪೆಥಾಲಜಿಸ್ಟರಿಗೆ ಅದರಲ್ಲೇ ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಅಂದರೆ ಬಾಯಿಯ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್, ಕಂಡಿತ್ತು. ಕ್ಯಾನ್ಸರ್ ಕೋಶಗಳು ತಾವು ಹುಟ್ಟಿದ ಪದರವನ್ನು ಇನ್ನೂ ಹೋಲುತ್ತಿದ್ದರೆ ಸ್ವಲ್ಪ ಮೆತ್ತನೆಯ ಜಾತಿ, ಗುರುತೇ ಸಿಗದಷ್ಟು ಬದಲಾಗಿದ್ದರೆ ಒರಟು ಜಾತಿ. ನನ್ನದು ನಡುವಿನದು.

ಆದರೆ ನನ್ನ ಹಣೆಬರಹ ಬರೆದಿದ್ದು ಆಪರೇಷನ್ ಆದಮೇಲಿನ ರಿಪೋರ್ಟು. ಗಡ್ಡೆ 1.8 ಸೆಂಟಿಮೀಟರ್ ಅಂತ ಓದಿ ಚಿಕ್ಕದು ಅಂತ ಖುಷಿಪಟ್ಟೆ. ಕೆಳಗಿನ ಸಾಲಲ್ಲಿ ಗಡ್ಡೆ ಒಳಗೆ ಇಳಿದ ಆಳ 6 ಮಿಲಿಮೀಟರ್ ಅಂತಿತ್ತು. 5 ದಾಟಿದರೆ ಗಡ್ಡೆಯ ದರ್ಜೆ ಟಿ1 ಅಲ್ಲ, ಒಂದು ಮೆಟ್ಟಿಲು ಮೇಲಿನ ಟಿ2. ಬಾಯಿ ಕ್ಯಾನ್ಸರ್ ಎಷ್ಟು ಮುಂದುವರಿದಿದೆ ಅಂತ ಅಳೆಯುವ ಸ್ಟೇಜಿಂಗ್‌ನಲ್ಲಿ ಆಳವನ್ನು ಹೀಗೆ ಲೆಕ್ಕಕ್ಕೆ ತಗೊಂಡಿದ್ದು ಅದರ ಕೈಪಿಡಿಯ 2017ರ ಎಂಟನೇ ಆವೃತ್ತಿಯಿಂದ. ಕುತ್ತಿಗೆಯಿಂದ ತೆಗೆದ 32 ಲಿಂಫ್ ಗಂಟುಗಳನ್ನು (ಕ್ಯಾನ್ಸರ್ ಹರಡಿದರೆ ಮೊದಲು ಸೇರುವ ಸಣ್ಣ ಗ್ರಂಥಿಗಳು) ಹುಡುಕಿ ಹುಡುಕಿ ನೋಡಿದ್ದರು, ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ. ಕ್ಯಾನ್ಸರ್ ಗಂಟಿನ ಹೊದಿಕೆ ಒಡೆದು ಹೊರಬಂದಿದ್ದರೆ ರೇಡಿಯೇಷನ್ ಜೊತೆ ಕೀಮೋನೂ ಬೇಕಾಗುತ್ತಿತ್ತಂತೆ. ಕತ್ತರಿಸಿದ ಅಂಚಿಗೂ ಗಡ್ಡೆಗೂ ನಡುವೆ ಎಲ್ಲ ಕಡೆ 5 ಮಿಲಿಮೀಟರಿಗಿಂತ ಜಾಸ್ತಿ ಜಾಗ. ನಾನು ಪ್ರಜ್ಞೆ ಇಲ್ಲದೆ ಮಲಗಿದ್ದಾಗ, ಅಂಚಿನ ಚೂರನ್ನು ಅವರೇ ಹೆಪ್ಪುಗಟ್ಟಿಸಿ ನೋಡಿ "ಇಲ್ಲಿ ಇನ್ನೊಂದಿಷ್ಟು ತೆಗೀರಿ" ಅಂತ ಹೇಳಿ ಕಳಿಸಿದ್ದರಂತೆ.

ಕಹಿ ಸಾಲು ಒಂದೇ. ಒಂದು ಸಣ್ಣ ನರದ ಸುತ್ತ ಕ್ಯಾನ್ಸರ್ ಕೋಶಗಳಿವೆ ಅಂತ. ನರದ ಗುಂಟ ಹೋಗುವ ಕ್ಯಾನ್ಸರ್ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಆಳ, ನರ ಎರಡನ್ನೂ ಮುಂದಿಟ್ಟುಕೊಂಡೇ ನನಗೆ ರೇಡಿಯೇಷನ್ ಕೊಡೋದು ಅಂತ ಡಾಕ್ಟರುಗಳು ತೀರ್ಮಾನಿಸಿದರು. ಅಷ್ಟು ಸ್ಲೈಡ್‌ಗಳ ನಡುವೆ ಆ ಒಂದು ನರ ಅವರ ಕಣ್ಣು ತಪ್ಪಿದ್ದರೆ? ಈ ಪ್ರಶ್ನೆ ಎಷ್ಟೋ ರಾತ್ರಿ ನನ್ನ ನಿದ್ದೆ ಕೆಡಿಸಿದೆ.

ರಿಪೋರ್ಟಿನ ಕೆಳಗಿನ ಸಹಿ ಬರೀ ಗೀಚು, ಹೆಸರು ಓದೋಕಾಗಲ್ಲ. ಮೊನ್ನೆ ಲ್ಯಾಬ್ ಹುಡುಕಿಕೊಂಡು ಹೋದೆ. ನನ್ನ ಬಾಯಲ್ಲಿ 'ರ' ಈಗಲೂ ಜಾರುತ್ತದೆ, ಅದಕ್ಕೇ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ತಲೆ ಎತ್ತದೆ, "ರಿಪೋರ್ಟ್ ಇನ್ನೂ ಬಂದಿಲ್ಲ ಸಾರ್, ಸಂಜೆ ಬನ್ನಿ" ಅಂದಳು. ರಿಪೋರ್ಟಿಗಲ್ಲಮ್ಮ, ಥ್ಯಾಂಕ್ಸ್ ಹೇಳೋಕೆ ಬಂದೆ ಅಂದೆ. ಚೀಟಿ ಇಸ್ಕೊಂಡು ಎರಡು ಸಲ ಓದಿದಳು. ಆಮೇಲೆ ಎದ್ದು, ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.