ಯಾವ ಆಪ್ ಹಾಕಲಿ ಅಂತ ಕೇಳಿದ ಪೋಷಕರಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಹೋದ ಸಭೆಯಲ್ಲಿ ಅಂಕ, ಹಾಜರಿ ಎಲ್ಲ ಮಾತಾಡಿ ಮುಗಿದ ಮೇಲೆ ನಿಮ್ಮಲ್ಲಿ ತುಂಬಾ ಜನ ಒಂದೇ ಪ್ರಶ್ನೆ ಕೇಳಿದಿರಿ. "ಮಿಸ್, ಮಗುವಿಗೆ ಯಾವ ಆಪ್ ಹಾಕಿಕೊಡಲಿ?" ಒಬ್ಬ ತಂದೆ ತಮ್ಮ ಫೋನನ್ನೇ ನನ್ನ ಕೈಗಿಟ್ಟರು. ಅದರಲ್ಲಿ 'ಕಲಿಕೆ' ಅಂತ ಒಂದು ಫೋಲ್ಡರ್. ತೆರೆದರೆ 11 ಆಪ್. ಗಣಿತಕ್ಕೆ ಮೂರು, ಇಂಗ್ಲಿಷಿಗೆ ನಾಲ್ಕು, ಕೋಡಿಂಗು, ಚೆಸ್ಸು, ಧ್ಯಾನ... "ಇದರಲ್ಲಿ ನಿನ್ನೆ ಯಾವುದು ತೆರೆದಿರಿ?" ಅಂತ ಕೇಳಿದೆ. ಅವರು ನಕ್ಕರು. ನಾನೂ ನಕ್ಕೆ. ನನ್ನ ಫೋನಿನ ಕಥೆಯೂ ಅದೇ.

ಆವತ್ತು ಸರಿಯಾಗಿ ಉತ್ತರ ಹೇಳಲು ಸಮಯ ಸಾಲಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಚಿತ್ರ ಬಿಡಿಸುವುದು ಕಲಿಯಬೇಕು ಅಂತ ನನಗೆ ಬಹಳ ವರ್ಷದ ಆಸೆ. ಕಳೆದ ರಜೆಯಲ್ಲಿ ಆನ್‌ಲೈನ್‌ನಲ್ಲಿ ಒಂದು ಉಚಿತ ಕೋರ್ಸ್ ಸೇರಿದೆ. ಮೂರನೇ ದಿನ ಅದಕ್ಕಿಂತ ಚೆನ್ನಾಗಿರುವುದು ಇನ್ನೊಂದು ಕಂಡಿತು. ಅದಕ್ಕೂ ಸೇರಿದೆ. ರಾತ್ರಿ ದಿಂಬಿಗೆ ಒರಗಿ ಒಂದರ ಹಿಂದೆ ಒಂದು ವಿಡಿಯೋ ನೋಡುತ್ತಿದ್ದೆ. "ಆಹಾ, ಎಷ್ಟು ಸುಲಭ!" ಅನ್ನಿಸುತ್ತಿತ್ತು. 14 ವಿಡಿಯೋ ಮುಗಿದ ಮೇಲೆ ಒಂದು ದಿನ ಹೊಳೆಯಿತು, ಇಷ್ಟೂ ದಿನ ನಾನು ಪೆನ್ಸಿಲ್ ಮುಟ್ಟಿಯೇ ಇಲ್ಲ! ಶಾಲೆ ಶುರುವಾಯಿತು, ಕೋರ್ಸ್ ಮೂಲೆ ಸೇರಿತು.

ಆರಂಭಶೂರತನ ಅಂತಾರಲ್ಲ, ಅದು. ಇದು ನನ್ನೊಬ್ಬಳ ರೋಗವೂ ಅಲ್ಲ. ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳು 2012ರಲ್ಲಿ ಆನ್‌ಲೈನ್ ಕೋರ್ಸ್‌ಗಳನ್ನು ಎಲ್ಲರಿಗೂ ತೆರೆದವು. ಕೆಲವು ವರ್ಷ ಆದಮೇಲೆ ಸಂಶೋಧಕರು ಲೆಕ್ಕ ಹಾಕಿ ನೋಡಿದರು. ಹೆಸರು ಕೊಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪಾಠದ ಪುಟಕ್ಕೆ ಕಾಲೇ ಇಟ್ಟಿರಲಿಲ್ಲ. 2017-18ರಲ್ಲಿ ಕೋರ್ಸ್ ಮುಗಿಸಿದವರು 100ಕ್ಕೆ ಸುಮಾರು 3 ಜನ. ಜಗತ್ತಿನ ಅತಿ ಒಳ್ಳೆಯ ಮೇಷ್ಟ್ರುಗಳ ಪಾಠ, ಅದೂ ಪುಕ್ಕಟೆ, ಆದರೂ ಇಷ್ಟೇ. ಅಂದಮೇಲೆ ಕೊರತೆ ಪಾಠದಲ್ಲಿ ಇರಲಿಲ್ಲ ಅಲ್ವಾ? ಹಾಗಾಗಿ 'ಯಾವ ಆಪ್' ಎಂಬ ಪ್ರಶ್ನೆಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮಗುವಿಗೆ ಅರ್ಥ ಆಗುವ ಭಾಷೆ, ತಪ್ಪಿಲ್ಲದ ಪಾಠ, ಮಧ್ಯೆ ಜಾಹೀರಾತಿನ ಕಾಟ ಕಡಿಮೆ. ಇಷ್ಟಿದ್ದರೆ ಸಾಕು, ಒಂದನ್ನು ಆರಿಸಿ. ಉಳಿದ ಹತ್ತನ್ನು ತೆಗೆದುಹಾಕಿ.

ನಿಜವಾದ ಕಷ್ಟ ಬರುವುದು ತಪ್ಪಿದ ದಿನ.

ನಮ್ಮ ಏಳನೇ ತರಗತಿಯ ಒಬ್ಬಳು ಹುಡುಗಿ ಒಂದು ಭಾಷೆ ಕಲಿಸುವ ಆಪ್ ಬಳಸುತ್ತಿದ್ದಳು. ದಿನಾ ತೆರೆದರೆ ಅದು ದಿನಗಳ ಲೆಕ್ಕ ತೋರಿಸುತ್ತದೆ. ಅವಳದು 41 ದಿನ ಆಗಿತ್ತು. ಬಂದು ಬಂದು ನನಗೆ ತೋರಿಸುತ್ತಿದ್ದಳು. ಆಮೇಲೆ ಜ್ವರ ಬಂತು, ಎರಡು ದಿನ ತೆರೆಯಲಿಲ್ಲ. ಲೆಕ್ಕ ಸೊನ್ನೆಗೆ ಇಳಿಯಿತು. ಶಾಲೆಗೆ ಬಂದವಳು, "ಎಲ್ಲ ಹೋಯ್ತು ಮಿಸ್" ಅಂದಳು. ಆ ಆಪ್ ಮತ್ತೆ ತೆರೆಯಲೇ ಇಲ್ಲ. 41 ದಿನದಲ್ಲಿ ಕಲಿತ ಪದಗಳು ಅವಳ ತಲೆಯಲ್ಲಿ ಇನ್ನೂ ಇದ್ದವು. ಹೋಗಿದ್ದು ಪರದೆಯ ಮೇಲಿನ ಒಂದು ಅಂಕಿ, ಅಷ್ಟೇ. ಆದರೆ ಅವಳಿಗೆ ಹಾಗೆ ಅನ್ನಿಸಲಿಲ್ಲ. ಮನೆಯಲ್ಲೂ ಯಾರೋ, "ಅಯ್ಯೋ, ಬಿಟ್ಟುಬಿಟ್ಟೆಯಾ?" ಅಂದರಂತೆ.

ಆ ಮಾತು ದಯವಿಟ್ಟು ಆಡಬೇಡಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಇಟ್ಟುಕೊಂಡು ಅಭ್ಯಾಸ ಹೇಗೆ ಬೇರು ಬಿಡುತ್ತದೆ ಅಂತ ನೋಡಿದ್ದಾರೆ. ಅದರ ವರದಿ 2010ರಲ್ಲಿ ಬಂತು. 21 ದಿನ ಮಾಡಿದರೆ ಯಾವುದೂ ರೂಢಿ ಆಗುತ್ತದೆ ಅಂತ ಎಲ್ಲೆಡೆ ಹೇಳುತ್ತಾರಲ್ಲ, ಅಲ್ಲಿ ಕಂಡಿದ್ದು ಹಾಗಲ್ಲ. ಸರಾಸರಿ 66 ದಿನ ಹಿಡಿಯಿತು. ಒಬ್ಬರಿಗೆ 18 ದಿನಕ್ಕೇ ಬಂದರೆ, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಅಂತ ಲೆಕ್ಕ ಬಂತು. ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಇನ್ನೊಂದು ಸಂಗತಿ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ಮರುದಿನ ಮತ್ತೆ ಕೂತವರ ಅಭ್ಯಾಸ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದೆ ಹೋಯಿತು.

ಹಾಗಾಗಿ ಮಗು ಒಂದು ದಿನ ತಪ್ಪಿಸಿದರೆ ಬೈಯಲೂ ಬೇಡಿ, ಎರಡರಷ್ಟು ಮಾಡಿಸಲೂ ಬೇಡಿ. ಎರಡರಷ್ಟು ಅಂದರೆ ಅದು ಶಿಕ್ಷೆ. ಮೂರನೇ ದಿನ ಮಗು ಓಡಿಹೋಗುತ್ತದೆ. "ಎಲ್ಲಿಗೆ ನಿಲ್ಲಿಸಿದ್ದೆ?" ಅಂತ ಕೇಳಿ, ಸಾಕು.

ಎಷ್ಟು ಹೊತ್ತು ಅನ್ನುವುದು ಮುಂದಿನ ಪ್ರಶ್ನೆ. ನನ್ನ ಮಟ್ಟಿಗೆ 15 ನಿಮಿಷ ಧಾರಾಳ. ಆದರೆ ಸಮಯಕ್ಕಿಂತ ಜಾಗ ಮುಖ್ಯ ಅಂತ ಕಂಡುಕೊಂಡಿದ್ದೇನೆ. 'ಬಿಡುವಾದಾಗ ಕಲಿಯುತ್ತೇನೆ' ಅಂದರೆ ಆ ಬಿಡುವು ಬರುವುದೇ ಇಲ್ಲ. 'ಬ್ಯಾಗ್ ಇಟ್ಟು, ಕೈಕಾಲು ತೊಳೆದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ ತಕ್ಷಣ' ಅಂದರೆ ಬರುತ್ತದೆ. ದಿನಾ ಹೇಗೂ ನಡೆಯುವ ಒಂದು ಕೆಲಸದ ಬಾಲಕ್ಕೆ ಇದನ್ನು ಕಟ್ಟಿ. ಫೋನಿನಲ್ಲಿ ಆ ಹೊತ್ತು ನೋಟಿಫಿಕೇಷನ್ ಬಂದ್ ಮಾಡಿ. ಒಂದು ವಿಡಿಯೋ ಮುಗಿದ ಕೂಡಲೇ ಇನ್ನೊಂದು ತಾನಾಗಿ ಓಡುತ್ತದಲ್ಲ, ಆ ಆಟೋಪ್ಲೇ ಕೂಡ ಬಂದ್ ಮಾಡಿ. ಭಿನ್ನರಾಶಿ ನೋಡಲು ಕೂತ ಮಗು 40 ನಿಮಿಷದ ಮೇಲೆ ತಿಮಿಂಗಿಲದ ವಿಡಿಯೋದಲ್ಲಿ ಇರುವುದು ಹೀಗೇ. (ತಿಮಿಂಗಿಲವೂ ಒಳ್ಳೆಯದೇ. ಆದರೆ ಭಿನ್ನರಾಶಿ ಹಾಗೇ ಉಳಿಯಿತಲ್ಲ!)

ಇನ್ನು, ನೋಡುವುದೇ ಕಲಿಯುವುದು ಅಂದುಕೊಳ್ಳುವ ತಪ್ಪು. ನನ್ನ 14 ವಿಡಿಯೋ ಕಥೆ ಹೇಳಿದೆನಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಓದಲು ಪುಟ್ಟ ಪಾಠಗಳನ್ನು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಹಾಳೆ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಎಲ್ಲ ತಿರುಗಿತು. ಮುಚ್ಚಿಟ್ಟು ಬರೆದವರು ಜಾಸ್ತಿ ನೆನಪಿಟ್ಟುಕೊಂಡಿದ್ದರು. ವಿಡಿಯೋ ನೋಡಿ "ಎಲ್ಲ ಅರ್ಥ ಆಯ್ತಮ್ಮಾ" ಅನ್ನುವ ಮಗು ಸುಳ್ಳು ಹೇಳುತ್ತಿಲ್ಲ. ಆ ಐದು ನಿಮಿಷಕ್ಕೆ ಅದು ನಿಜ. ವಾರದ ಮೇಲೆ ಏನು ಉಳಿಯಿತು ಅನ್ನುವುದು ಬೇರೆ ಮಾತು.

ಸಲ್ಮಾನ್ ಖಾನ್ ಅಂತ ಒಬ್ಬರು (ನಟ ಅಲ್ಲ, ಆನ್‌ಲೈನ್‌ನಲ್ಲಿ ಉಚಿತ ಪಾಠ ಕೊಡುವ ಖಾನ್ ಅಕಾಡೆಮಿ ಕಟ್ಟಿದವರು) 2004ರಲ್ಲಿ ಬೇರೆ ಊರಿನಲ್ಲಿದ್ದ ತಂಗಿ ವರಸೆಯ ಹುಡುಗಿಗೆ ದೂರದಿಂದಲೇ ಗಣಿತ ಹೇಳಿಕೊಡಲು ಶುರು ಮಾಡಿದರು. ಆಮೇಲೆ ಪಾಠಗಳನ್ನು ವಿಡಿಯೋ ಮಾಡಿ ಹಾಕಿದರು. ನೇರವಾಗಿ ಕೇಳುವುದಕ್ಕಿಂತ ವಿಡಿಯೋನೇ ಚೆನ್ನಾಗಿದೆ ಅಂತ ಅವರ ಬಂಧುಗಳ ಮಕ್ಕಳು ಹೇಳಿದರಂತೆ. ಕಾರಣ ಸರಳ. ಬೇಕಾದಲ್ಲಿ ನಿಲ್ಲಿಸಬಹುದು, ಅರ್ಥ ಆಗದ್ದನ್ನು ನಾಚಿಕೆ ಇಲ್ಲದೆ ಹತ್ತು ಸಲ ಹಿಂದಕ್ಕೆ ಓಡಿಸಬಹುದು. 40 ಮಕ್ಕಳಿರುವ ತರಗತಿಯಲ್ಲಿ ನಾನು ಆ ಅವಕಾಶ ಕೊಡಲಾರೆ. ಆನ್‌ಲೈನ್ ಪಾಠದ ದೊಡ್ಡ ಗುಣ ಆ ನಿಲ್ಲಿಸುವ ಬಟನ್. ಅದನ್ನೇ ಮಕ್ಕಳು ಒತ್ತುವುದಿಲ್ಲ! ಬದಲಿಗೆ ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾರೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ವಿಡಿಯೋದವರು ಲೆಕ್ಕ ಬರೆದ ಕೂಡಲೇ ನಿಲ್ಲಿಸಲಿ, ಮಗು ತಾನೇ ಬಿಡಿಸಲಿ, ಆಮೇಲೆ ಮುಂದಕ್ಕೆ ಹೋಗಲಿ. ಹತ್ತು ನಿಮಿಷದ ವಿಡಿಯೋಗೆ 25 ನಿಮಿಷ ಹಿಡಿದರೆ ಖುಷಿಪಡಿ.

ಹಣದ ವಿಷಯ ಒಂದೇ ಮಾತು. 'ಉಚಿತ ಟ್ರಯಲ್' ಅಂತ ಕಾರ್ಡ್ ವಿವರ ಕೇಳಿದರೆ, ರದ್ದು ಮಾಡುವ ದಿನವನ್ನು ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಕಾರ್ಡ್ ಕೊಡಲೇಬೇಡಿ.

ಕೊನೆಯದು ಸ್ವಲ್ಪ ಕಷ್ಟದ ಬೇಡಿಕೆ. ನೀವೂ ಏನಾದರೂ ಕಲಿಯಿರಿ. ಮಗು ನೋಡುವ ಹಾಗೆ, ತಪ್ಪು ಮಾಡುತ್ತಾ ಕಲಿಯಿರಿ. ನಾವು ಫೋನ್ ಹಿಡಿದಾಗ ಏನು ಮಾಡುತ್ತಿದ್ದೇವೆ ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ. ಅವರಿಗೆ ಕಾಣುವುದು ಬಗ್ಗಿದ ತಲೆ, ಅಷ್ಟೇ.

ನಾನು ಮತ್ತೆ ಶುರು ಮಾಡಿದ್ದು ಹೀಗೆ. ಅದೇ ಹಳೆಯ ಮೊದಲನೇ ಕೋರ್ಸ್, ಎರಡನೇ ಪಾಠ. ಮಧ್ಯಾಹ್ನದ ಬಿಡುವಿನ ಕೊನೆಯ 15 ನಿಮಿಷ, ಸ್ಟಾಫ್ ರೂಮಿನಲ್ಲಿ, ಎದುರಿಗೆ ಒಂದು ಸ್ಟೀಲ್ ಲೋಟ. ಮೊದಲ ವಾರ ಲೋಟ ಪ್ರತಿ ಸಲ ವಾಲುತ್ತಿತ್ತು. ಬಾಯಿಯನ್ನು ಅಂಡಾಕಾರವಾಗಿ ಬಿಡಿಸುತ್ತಿದ್ದೆ, ತಳಕ್ಕೆ ನೇರ ಗೆರೆ ಎಳೆಯುತ್ತಿದ್ದೆ. ಏನೋ ಸರಿ ಇಲ್ಲ ಅನ್ನಿಸುತ್ತಿತ್ತು, ಏನು ಅಂತ ಹೊಳೆಯುತ್ತಿರಲಿಲ್ಲ. ಚಾಕ್‌ಪೀಸ್ ಕೇಳಲು ಬಂದ ಎಂಟನೇ ತರಗತಿಯ ಹುಡುಗ ಒಂದು ನಿಮಿಷ ಹಿಂದೆ ನಿಂತು ನೋಡಿದ. "ಮಿಸ್, ಮೇಲೆ ದುಂಡಗಿದ್ದರೆ ಕೆಳಗೂ ದುಂಡಗೇ ಇರಬೇಕಲ್ವಾ?" ಅಂದ. ನಾನು ಅಳಿಸಿದೆ. ತಳದ ಗೆರೆಯನ್ನು ಬಾಗಿಸಿದೆ. ಲೋಟ ಮೇಜಿನ ಮೇಲೆ ಕೂತಿತು! ಅವನ ಮುಖ ನೋಡಬೇಕಿತ್ತು. ಈಗ ಅವನೂ ಏನೋ ಕಲಿಯುತ್ತಿದ್ದಾನಂತೆ, ಏನು ಅಂತ ಹೇಳುತ್ತಿಲ್ಲ.

ನಡುವೆ ಪರೀಕ್ಷೆ ಬಂದಾಗ ನನಗೆ ಒಂಬತ್ತು ದಿನ ತಪ್ಪಿತು. ಹತ್ತನೇ ದಿನ ಕೂತೆ. ಕೈ ಸ್ವಲ್ಪ ಬಿಗಿ ಅನ್ನಿಸಿತು, ಆಮೇಲೆ ಸರಿಹೋಯಿತು.

ಮುಂದಿನ ವಾರದಿಂದ ಪ್ರತಿ ಶುಕ್ರವಾರ ಕೊನೆಯ ಹತ್ತು ನಿಮಿಷ, ಪ್ರತಿ ತರಗತಿಯಲ್ಲಿ ಮೂರ್ನಾಲ್ಕು ಮಕ್ಕಳು ಎದ್ದು ನಿಂತು ಆ ವಾರ ತಾವಾಗಿ ಕಲಿತ ಒಂದು ವಿಷಯ ಹೇಳುತ್ತಾರೆ. ನೋಡದೆ ಹೇಳಬೇಕು. ಅಂಕ ಇಲ್ಲ, ಬಹುಮಾನ ಇಲ್ಲ. 'ಈ ವಾರ ಏನೂ ಆಗಲಿಲ್ಲ, ನಾಳೆಯಿಂದ ಮತ್ತೆ' ಅಂದರೂ ಚಪ್ಪಾಳೆ ಉಂಟು. ಮನೆಯಲ್ಲಿ ಫೋನ್ ಅಥವಾ ಇಂಟರ್‌ನೆಟ್ ಅನುಕೂಲ ಇಲ್ಲದ ಮಕ್ಕಳಿಗೆ ಶಾಲೆಯ ಕಂಪ್ಯೂಟರ್ ಕೊಠಡಿ ಸಂಜೆ ಅರ್ಧ ಗಂಟೆ ತೆರೆದಿರುತ್ತದೆ. ಇದಕ್ಕೆ ಯಾರನ್ನೂ ಕೇಳಬೇಕಿಲ್ಲ, ಸುಮ್ನೆ ಬಂದು ಕೂರಬಹುದು.

ನಿಮ್ಮ ಮಗು ಮತ್ತು ನೀವು ಆರಿಸಿದ ಒಂದೊಂದು ವಿಷಯವನ್ನು ಡೈರಿಯಲ್ಲಿ ಬರೆದು ಕಳಿಸಿ. ಆಪ್ ಹೆಸರು ಬೇಡ. ಏನು, ಎಲ್ಲಿ ಕೂತು, ಯಾವ ಕೆಲಸ ಆದಮೇಲೆ, ಅಷ್ಟು ಸಾಕು. ನನ್ನದು ಸ್ಟಾಫ್ ರೂಮಿನ ಬಾಗಿಲಿಗೆ ಅಂಟಿಸಿದ್ದೇನೆ. ಪಕ್ಕದಲ್ಲೇ ಲೋಟದ ಚಿತ್ರವೂ ಇದೆ. ಶಾಲೆಗೆ ಬಂದಾಗ ನೋಡಿ, ನೆರಳು ಇನ್ನೂ ಸರಿಯಾಗಿ ಬಂದಿಲ್ಲ.

ವಿಶ್ವಾಸದಿಂದ,
ನಿಮ್ಮ ಮುಖ್ಯ ಶಿಕ್ಷಕಿ